ಚಿನ್ನದ ಹಳೇ ಕಾಸು: ಕರಗಿಸುವ ಮೊದಲು ಓದಿ

ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಚಿಕ್ಕಬಳ್ಳಾಪುರದ ಕಡೆಯ ಹಳೇ ಮನೆಗಳಲ್ಲಿ ಚಿನ್ನದ ನಾಣ್ಯ ಅಂದರೆ ಹೆಚ್ಚಾಗಿ ಅಜ್ಜಿಯ ಕಾಸಿನ ಸರ. ಮನೆಯಲ್ಲಿ ಮದುವೆ ನಿಶ್ಚಯವಾದರೆ ಅದು ಅಕ್ಕಸಾಲಿಗರ ಬಳಿ ಹೋಗಿ, ಕರಗಿ, ಹೊಸ ನಮೂನೆಯ ಒಡವೆಯಾಗಿ ಬರುತ್ತದೆ. ಸಂಗ್ರಹಕ್ಕೆ ಹೊಸಬರಾದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಕರಗಿಸುವ ಮೊದಲು ಕಾಸನ್ನು ಎರಡೂ ಕಡೆ ಓದಿ.

ಸವರನ್‌ನಿಂದ ಶುರು ಮಾಡೋಣ. ಇದು ಬ್ರಿಟಿಷರ ನಾಣ್ಯ. ತೂಕ 7.98 ಗ್ರಾಂ, 22 ಕ್ಯಾರೆಟ್ ಚಿನ್ನ. ಒಂದು ಕಡೆ ರಾಜನ ಇಲ್ಲವೇ ರಾಣಿಯ ಮುಖ. ಇನ್ನೊಂದು ಕಡೆ ಸಾಮಾನ್ಯವಾಗಿ ಕುದುರೆಯೇರಿ ಡ್ರ್ಯಾಗನ್ ಕೊಲ್ಲುವ ಸಂತ ಜಾರ್ಜ್. ಇಸವಿ 1918 ಎಂದಿದ್ದರೆ ಭೂತಗನ್ನಡಿ ತಗೊಳ್ಳಿ. ಇಸವಿಯ ಮೇಲಿನ ನೆಲದ ಪಟ್ಟಿಯ ನಡುವೆ ಇಂಗ್ಲಿಷಿನ ಪುಟ್ಟ ‘ಐ’ ಅಕ್ಷರ ಕಂಡರೆ ಆ ಕಾಸು ಲಂಡನ್ನಿನದಲ್ಲ, ಬೊಂಬಾಯಿಯದು. ಮೊದಲ ಮಹಾಯುದ್ಧದ ಕಾಲದಲ್ಲಿ ಬೆಳ್ಳಿಗೆ ಬರ ಬಂದು ರೂಪಾಯಿ ಸಾಲದಾದಾಗ ಅಲ್ಲಿ ಚಿನ್ನದ ನಾಣ್ಯ ಅಚ್ಚುಹಾಕಿದರು. ಅದೇ ವರ್ಷ ಸವರನ್‌ನಷ್ಟೇ ತೂಕದ 15 ರೂಪಾಯಿ ನಾಣ್ಯವೂ ಬಂತು. ಅಚ್ಚಾದ ಬೊಂಬಾಯಿ ಸವರನ್ನುಗಳ ಸಂಖ್ಯೆ ಸುಮಾರು 13 ಲಕ್ಷ, 15 ರೂಪಾಯಿಯದು ಸುಮಾರು 21 ಲಕ್ಷ. ಆದರೂ ಸಂಗ್ರಾಹಕರು ಹೆಚ್ಚು ಆಸೆಪಡುವುದು 15 ರೂಪಾಯಿ ನಾಣ್ಯಕ್ಕೇ.

ಸವರನ್ನಿಗೂ ಮುಂಚೆ ಈ ಸೀಮೆಯಲ್ಲಿ ಓಡಾಡಿದ್ದು ವರಹ. ಸುಮಾರು 3.4 ಗ್ರಾಂ, ಬೆರಳ ತುದಿಯಷ್ಟಗಲ. ಹೈದರ್ ಅಲಿಯ ವರಹದಲ್ಲೂ ಮುಮ್ಮಡಿ ಕೃಷ್ಣರಾಜ ಒಡೆಯರ ವರಹದಲ್ಲೂ ಕೂತಿರುವವರು ಶಿವ ಪಾರ್ವತಿಯರೇ! ತಿರುಗಿಸಿ ನೋಡಬೇಕು: ಚುಕ್ಕಿಗಳ ನಡುವೆ ಪಾರ್ಸಿ ಅಕ್ಷರವೊಂದೇ ಇದ್ದರೆ ಹೈದರನದು, ನಾಗರಿಯಲ್ಲಿ ‘ಶ್ರೀ ಕೃಷ್ಣರಾಜ’ ಎಂದಿದ್ದರೆ ಒಡೆಯರದು. ನನ್ನ ಮಟ್ಟಿಗೆ ಈಸ್ಟ್ ಇಂಡಿಯಾ ಕಂಪನಿ ಕಾಲದ ಯಾವ ಚಿನ್ನದ ಮೊಹರು ನಾಣ್ಯಕ್ಕಿಂತಲೂ ವರಹವೇ ಚೆಲುವು.

ಹೊಳಪಿಗೆಂದು ಕಾಸನ್ನು ಅಂಟುವಾಳ, ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಚಿನ್ನ ಮೃದು, ಮುಖದ ಗೆರೆ ಸವೆದರೆ ಮರಳಿ ಬಾರದು. ಅಂಚು ಹಿಡಿದೇ ನೋಡಿ. ಸರಕ್ಕೆಂದು ಕೊಂಡಿ ಬೆಸೆದ ಕಾಸಿಗೆ ಸಂಗ್ರಾಹಕರು ಕಡಿಮೆ ಬೆಲೆ ಕಟ್ಟುತ್ತಾರೆ. ಹಾಗೆಂದು ಕೊಂಡಿ ಕೀಳಿಸಲು ಹೋಗಬೇಡಿ, ಗಾಯ ಇನ್ನೂ ದೊಡ್ಡದಾಗುತ್ತದೆ.

ಪಾಯ ತೋಡುವಾಗ ನಿಧಿ ಸಿಕ್ಕಿತು, ಅರ್ಧ ಬೆಲೆಗೆ ಕೊಡುತ್ತೇವೆ ಎಂದು ಫೋನು ಮಾಡುವವರನ್ನು ನಂಬಲೇಬೇಡಿ. ತೋರಿಸುವ ಒಂದೆರಡು ಕಾಸು ಅಸಲಿ, ಚೀಲದಲ್ಲಿರುವುದು ಹಿತ್ತಾಳೆ. ನಿಜವಾಗಿಯೂ ನೆಲದಲ್ಲಿ ನಿಧಿ ಸಿಕ್ಕಿದರೆ ಸರ್ಕಾರಕ್ಕೆ ತಿಳಿಸಲೇಬೇಕು, ಅದು ಕಾನೂನು. ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ವಿದೇಶಕ್ಕೆ ಒಯ್ಯುವಂತಿಲ್ಲ. 1918ರ ಕಾಸೂ ಈಗ ಆ ಸಾಲಿಗೆ ಸೇರಿದೆ.

ಕೊಳ್ಳುವ ಆತುರ ಬೇಡ. ಈ ವಾರ ಮನೆಯಲ್ಲಿರುವ ಸರವನ್ನೇ ಕೇಳಿ ಪಡೆದು, ಒಂದೊಂದೇ ಕಾಸಿನ ಇಸವಿ, ತೂಕ, ಅಕ್ಷರಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.