ಮೇಜರ್ ಬರೆಯುವ ಮೊದಲು ಒಂದು ಪಾಳಿ ನೋಡಿ

ಹನ್ನೆರಡನೆಯ ತರಗತಿಯಲ್ಲಿ ಜೀವಶಾಸ್ತ್ರ ತೆಗೆದುಕೊಂಡ ಹುಡುಗಿಗೆ ನಮ್ಮವರು ಕೇಳುವ ಪ್ರಶ್ನೆ ಒಂದೇ: "ಡಾಕ್ಟರ್ ಆಗ್ತೀಯೇನವ್ವಾ?" ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ ಎಂದ ಕೂಡಲೇ ಆ ಪ್ರಶ್ನೆ ನಿಂತುಹೋಗುತ್ತದೆ. ಅದರ ಜಾಗಕ್ಕೆ ಇನ್ನೊಂದು ಪ್ರಶ್ನೆಯನ್ನು ಯಾರೂ ತರುವುದಿಲ್ಲ. ಆದರೆ ರೋಗ, ರಕ್ತ, ಔಷಧಿ, ಸೂಕ್ಷ್ಮಜೀವಿ ಇವುಗಳ ನಡುವೆಯೇ ದುಡಿಯಬೇಕೆನ್ನುವವರಿಗೆ ಎಂ.ಬಿ.ಬಿ.ಎಸ್. ಬಿಟ್ಟೂ ಹಲವು ದಾರಿಗಳಿವೆ. ಅವುಗಳಲ್ಲಿ ಒಂದನ್ನು ಹಿಡಿದವಳು ನಾನು. ಹಿಡಿಯುವ ಮುನ್ನ ಕಲಿತದ್ದು, ನನ್ನ ಹಿಂದೆ ಬರುವವರಿಗೆ ಉಪಯೋಗಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಅಪ್ಪ ಬಾಗಲಕೋಟೆ ಕಡೆಯವರು. ಗೋವಾದ ಪೋಂಡಾ–ಪಣಜಿ ರಸ್ತೆಯಲ್ಲಿ ಮಂಗೇಶಿ ದಾಟಿದ ಮೇಲೆ ಸಿಗುವ ಕುಂಡಯಿ ಇಂಡಸ್ಟ್ರಿಯಲ್ ಎಸ್ಟೇಟಿಗೆ ದುಡಿಯಲು ಬಂದು ಇಲ್ಲೇ ನೆಲೆ ನಿಂತರು. 2023ರಲ್ಲಿ ಗೋವಾ ವಿಶ್ವವಿದ್ಯಾಲಯದ ಕಾಲೇಜುಗಳಿಗೆ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. ಪ್ರವೇಶದ ಅರ್ಜಿಯಲ್ಲಿ ಮೇಜರ್ ಒಂದು, ಮೈನರ್ ಒಂದು ಬರೆಯಬೇಕು. ಊರಿಗೆ ಫೋನ್ ಮಾಡಿದರೆ, ಧಾರವಾಡದಲ್ಲಿ ಓದಿದ ಅಕ್ಕ ಸಿ.ಬಿ.ಝಡ್. ತಗೋ ಅಂದಳು. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ ಮೂರನ್ನೂ ಸಮಸಮವಾಗಿ ಓದುವ ಹಳೆಯ ಕ್ರಮ ಅದು. ಕರ್ನಾಟಕ 2021ರಲ್ಲೇ ಹೊಸ ನೀತಿಯನ್ನು ಜಾರಿಗೆ ತಂದು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹಾಗಾಗಿ ಊರಿನವರ ಸಲಹೆ ಎಷ್ಟೇ ಪ್ರೀತಿಯದಾದರೂ ನನ್ನ ಅರ್ಜಿಗೆ ಹೊಂದಲಿಲ್ಲ.

ಮೇಜರ್–ಮೈನರ್ ಕ್ರಮದ ಲೆಕ್ಕವನ್ನು ಮೊದಲು ತಿಳಿದುಕೊಳ್ಳಬೇಕು. ಯು.ಜಿ.ಸಿ. ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ 120 ಕ್ರೆಡಿಟ್. ಅದರಲ್ಲಿ ಕನಿಷ್ಠ 60 ಮೇಜರ್ ವಿಷಯದ್ದು, 24 ಮೈನರ್‌ದು. ನಾಲ್ಕು ವರ್ಷಕ್ಕೆ ಹೋದರೆ 160ರಲ್ಲಿ 80 ಮೇಜರ್‌ದು. ಅಂದರೆ ಓದಿನ ಅರ್ಧ ಭಾಗ ಒಂದೇ ಹೆಸರಿನಡಿ ಸೇರುತ್ತದೆ, ಪದವಿಯೂ ಆ ಹೆಸರಿನಲ್ಲೇ ಸಿಗುತ್ತದೆ. ಮೊದಲ ವರ್ಷದ ಕೊನೆಗೆ, ಅದೇ ಜ್ಞಾನಶಾಖೆಯೊಳಗೆ ಮೇಜರ್ ಬದಲಿಸಲು ಈ ಚೌಕಟ್ಟು ಅವಕಾಶ ಕೊಡುತ್ತದೆ. ಕಾಲೇಜಿನಲ್ಲಿ ಆ ವಿಷಯದ ಸೀಟು ಖಾಲಿ ಇರುತ್ತದೆಯೇ ಎಂಬುದನ್ನು ಸೇರುವಾಗಲೇ ಕೇಳಿಟ್ಟುಕೊಳ್ಳಿ.

ನನ್ನ ಕೈಗೆ ಬಂದ ಅರ್ಜಿಯಲ್ಲಿ ಬಯೋಮೆಡಿಕಲ್ ಸೈನ್ಸ್ ಎಂಬ ಹೆಸರೇ ಇರಲಿಲ್ಲ. ದೆಹಲಿ ವಿಶ್ವವಿದ್ಯಾಲಯದ ಕೆಲವು ಕಾಲೇಜುಗಳಲ್ಲಿ ಆ ಹೆಸರಿನದೇ ಬಿ.ಎಸ್ಸಿ. ಆನರ್ಸ್ ಇದೆ. ನಮ್ಮ ಕಡೆ ಅದೇ ತಿರುಳನ್ನು ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಜೀವರಸಾಯನಶಾಸ್ತ್ರ, ಜೈವಿಕ ತಂತ್ರಜ್ಞಾನ ಎಂಬ ಬೇರೆ ಬೇರೆ ಹೆಸರುಗಳಲ್ಲಿ ಹುಡುಕಿಕೊಳ್ಳಬೇಕು. ಬಯೋಮೆಡಿಕಲ್ ಎಂಜಿನಿಯರಿಂಗ್ ಬೇರೆಯೇ ಓದು, ವೆಂಟಿಲೇಟರ್, ಇ.ಸಿ.ಜಿ. ಯಂತ್ರಗಳ ಜೊತೆಗಿನ ಕೆಲಸ ಅದು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ, ಕಫ ಪರೀಕ್ಷಿಸುವ ಕೆಲಸಕ್ಕೆ ಬಿ.ಎಸ್ಸಿ. ಎಂ.ಎಲ್.ಟಿ. ಇದೆ. 2021ರ ಕೇಂದ್ರ ಕಾಯ್ದೆಯೊಂದು ಈ ಲ್ಯಾಬ್ ತಂತ್ರಜ್ಞರನ್ನೂ ನೋಂದಣಿಯ ವ್ಯವಸ್ಥೆಗೆ ತಂದಿದೆ. ಆಸ್ಪತ್ರೆಯ ಲ್ಯಾಬೇ ಬೇಕು ಎನ್ನುವ ಹುಡುಗ ಹುಡುಗಿಯರು ನೇರವಾಗಿ ಆ ಕೋರ್ಸಿಗೆ ಹೋಗುವುದು ಒಳ್ಳೆಯದು.

ಇಷ್ಟೆಲ್ಲ ಹೆಸರುಗಳನ್ನು ಹರಡಿಕೊಂಡು ಕೂತಿದ್ದಾಗ ಅಪ್ಪ ಹೇಳಿದ ಮಾತು ನನ್ನನ್ನು ಸರಿಯಾದ ದಿಕ್ಕಿಗೆ ತಿರುಗಿಸಿತು: "ಹೆಸರ ನೋಡಿ ತಗೋಬ್ಯಾಡವ್ವಾ. ಆ ಕೆಲಸಾ ಮಾಡೋರನ್ನ ಒಮ್ಮಿ ಕೇಳಿ ಬಾ." ಅಪ್ಪನಿಗೆ ಕಾಲೇಜಿನ ವ್ಯವಹಾರ ಗೊತ್ತಿರಲಿಲ್ಲ. ಆದರೆ ಯಾವ ಕಾರ್ಖಾನೆಯ ಲ್ಯಾಬಿನಲ್ಲಿ ಯಾರಿದ್ದಾರೆ, ಯಾರ ಪಾಳಿ ಎಷ್ಟಕ್ಕೆ ಬಿಡುತ್ತದೆ ಎನ್ನುವುದು ಗೊತ್ತಿತ್ತು. ಓದಿದ ಮನೆಗಳ ಮಕ್ಕಳಿಗೆ ಇಲ್ಲದ ಈ ಅನುಕೂಲ ಕೂಲಿಗಾರರ ಮಕ್ಕಳಿಗಿದೆ.

ಹಾಗೆ ಭೇಟಿಯಾದವರಲ್ಲಿ ಒಬ್ಬರು ಔಷಧ ಕಾರ್ಖಾನೆಯ ಮೈಕ್ರೋಬಯಾಲಜಿಸ್ಟ್. ತಮ್ಮ ದಿನ ಹೇಗಿರುತ್ತದೆಂದು ಬಿಡಿಸಿ ಹೇಳಿದರು. ಔಷಧಿಗೆ ಬಳಸುವ ನೀರಿನ ಮಾದರಿ ತರುವುದು, ಅಗಾರ್ ಪ್ಲೇಟಿಗೆ ಹಾಕುವುದು, ಬ್ಯಾಕ್ಟೀರಿಯಾಕ್ಕಾಗಿ 30ರಿಂದ 35 ಡಿಗ್ರಿ, ಶಿಲೀಂಧ್ರಕ್ಕಾಗಿ 20ರಿಂದ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುವುದು, ದಿನಗಟ್ಟಲೆ ಕಾಯುವುದು, ಎಣಿಸುವುದು, ಬರೆಯುವುದು. ಅಲ್ಲಿ ಏನೂ ಬೆಳೆಯದಿದ್ದರೆ ಒಳ್ಳೆಯ ಸುದ್ದಿ. ನೂರು ಪ್ಲೇಟು ಖಾಲಿ ಬಂದ ಮೇಲೂ ಮುಂದಿನದನ್ನು ಅಷ್ಟೇ ಎಚ್ಚರದಿಂದ ನೋಡಬೇಕು. ಈ ಕೆಲಸ ಬೇಸರ ತರುತ್ತದೆಯೇ ಎಂದು ಕೇಳಿದೆ. ಆ ಖಾಲಿ ಪ್ಲೇಟನ್ನು ನಂಬಿಯೇ ಯಾರೋ ತಾಯಿ ಮಗುವಿಗೆ ಔಷಧಿ ಕುಡಿಸುತ್ತಾಳೆ ಎಂದರು.

ಕುಂಡಯಿ ಎಸ್ಟೇಟಿನಲ್ಲೇ ಗೋವಾದ ಆಸ್ಪತ್ರೆಗಳ ತ್ಯಾಜ್ಯವನ್ನು ಸಂಸ್ಕರಿಸುವ ಸಾಮೂಹಿಕ ಘಟಕವೂ ಇದೆ. ಅಂಥ ಘಟಕಗಳಿಗೆ ಅನ್ವಯಿಸುವ 2016ರ ನಿಯಮಗಳನ್ನು ಓದಿದಾಗ ನನ್ನ ಇಷ್ಟದ ವಿಷಯ ಅಲ್ಲೂ ಕಂಡಿತು. ಹಳದಿ, ಕೆಂಪು, ಬಿಳಿ, ನೀಲಿ ಎಂದು ಬಣ್ಣ ಬಣ್ಣವಾಗಿ ಬೇರ್ಪಡಿಸಿದ ತ್ಯಾಜ್ಯದಲ್ಲಿ ಕೆಲವು ಬಗೆಯದನ್ನು ಸಂಸ್ಕರಿಸದೆ 48 ಗಂಟೆಗಿಂತ ಹೆಚ್ಚು ಇಡುವಂತಿಲ್ಲ. ಆಟೋಕ್ಲೇವ್ 121 ಡಿಗ್ರಿಯಲ್ಲಿ ನಿಜಕ್ಕೂ ರೋಗಾಣುಗಳನ್ನು ಕೊಂದಿತೇ ಎಂದು ತಿಳಿಯಲು, ಬಹಳ ಶಾಖ ತಡೆಯುವ ಜಿಯೊಬ್ಯಾಸಿಲಸ್ ಸ್ಟೀರೊಥರ್ಮೊಫಿಲಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಅದರೊಳಗಿಟ್ಟು ಪರೀಕ್ಷಿಸುತ್ತಾರೆ. ಅವು ಸತ್ತಿದ್ದರೆ ಉಳಿದವೂ ಸತ್ತಿವೆ ಎಂದು ಅರ್ಥ. ಪಠ್ಯಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಸಂಗತಿ ಇಲ್ಲಿ ಊರಿನ ನೀರು, ಗಾಳಿ, ಕಸ ಒಯ್ಯುವವರ ಕೈಗಳನ್ನು ಕಾಯುತ್ತದೆ. ಸೂಕ್ಷ್ಮಜೀವಶಾಸ್ತ್ರವೇ ನನ್ನ ಮೇಜರ್ ಎಂದು ಮನಸ್ಸು ಗಟ್ಟಿಯಾದದ್ದು ಇದರಿಂದ.

ಆದರೂ ಮನಸ್ಸಿನ ಜೊತೆಗೆ ಕಾನೂನನ್ನೂ ನೋಡಬೇಕು. ಔಷಧ ತಯಾರಿಕೆಯ ಮೇಲ್ವಿಚಾರಣೆಗೆ ಯಾರು ಅರ್ಹರು ಎಂಬುದನ್ನು 1945ರ ಔಷಧ ನಿಯಮಗಳು ಹೇಳುತ್ತವೆ. ಫಾರ್ಮಸಿ ಪದವೀಧರರಾದರೆ ತಯಾರಿಕೆಯಲ್ಲಿ 18 ತಿಂಗಳ ಅನುಭವ ಸಾಕು. ವಿಜ್ಞಾನ ಪದವೀಧರರಾದರೆ ಸಾಮಾನ್ಯವಾಗಿ ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿ ಓದಿರಬೇಕು, ಜೊತೆಗೆ 3 ವರ್ಷದ ಅನುಭವ ಬೇಕು. ಕಾರ್ಖಾನೆಗಳಲ್ಲಿ ಅಪ್ರೂವ್ಡ್ ಕೆಮಿಸ್ಟ್ ಎನ್ನುವುದು ಇಂಥವರನ್ನೇ. ಪ್ರಾಣಿಶಾಸ್ತ್ರದ ಪದವಿ ಎಷ್ಟೇ ಒಳ್ಳೆಯ ಅಂಕದ್ದಾದರೂ ಈ ಬಾಗಿಲು ಅದಕ್ಕೆ ತೆರೆಯದು. ಇದನ್ನು ತಿಳಿದ ಮೇಲೆ ನಾನು ರಸಾಯನಶಾಸ್ತ್ರವನ್ನು ಮೈನರ್ ಆಗಿ ಇಟ್ಟುಕೊಂಡೆ. ಲ್ಯಾಬಿನ ಕೆಲಸಕ್ಕೆ ಅದು ಬೆನ್ನಿಗಿರುತ್ತದೆ. ಆದರೆ ತಯಾರಿಕಾ ವಿಭಾಗಕ್ಕೇ ಹೋಗಬೇಕೆನ್ನುವವರು ಮೈನರನ್ನು ನೆಚ್ಚಿ ಕೂರದೆ ರಸಾಯನಶಾಸ್ತ್ರವನ್ನೇ ಮೇಜರ್ ಮಾಡಿಕೊಳ್ಳಲಿ, ಇಲ್ಲವೇ ಬಿ.ಫಾರ್ಮ. ಸೇರಲಿ.

ಮುಂದೆ ಓದುವವರು ಎಂ.ಎಸ್ಸಿ. ಪ್ರವೇಶದ ಅರ್ಹತೆಯನ್ನು ಈಗಲೇ ಓದಿಡಬೇಕು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ನೆರವಿನ ಕೋರ್ಸುಗಳಿಗೆ ಗ್ಯಾಟ್-ಬಿ ಎಂಬ ಪ್ರವೇಶ ಪರೀಕ್ಷೆ ಇದೆ. ಪರೀಕ್ಷೆ ಪಾಸಾದರಷ್ಟೇ ಸಾಲದು. ಆಯಾ ವಿಶ್ವವಿದ್ಯಾಲಯ ಕೇಳುವ ಪದವಿ ವಿಷಯಗಳು ಹೊಂದಬೇಕು. ಸಂಶೋಧನೆಯ ಆಸೆಯಿದ್ದವರು ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ. 75 ಅಂಕ ಉಳಿಸಿಕೊಂಡರೆ, ನಾಲ್ಕನೆಯ ವರ್ಷ ಸಂಶೋಧನಾ ಯೋಜನೆಯೊಂದಿಗೆ ಆನರ್ಸ್ ಪಡೆಯಬಹುದು.

ಗೋವಾದಲ್ಲಿ ದುಡಿಯುವ ನಮ್ಮ ಕನ್ನಡದ ತಂದೆತಾಯಿಗಳಿಗೆ ಒಂದು ಮಾತು. ಮಕ್ಕಳ ಓದಿನ ಬಗ್ಗೆ ನಮಗೇನು ಗೊತ್ತು ಎಂದು ಹಿಂದೆ ಸರಿಯಬೇಡಿ. ನಿಮ್ಮ ಕಾರ್ಖಾನೆಯ ಲ್ಯಾಬಿನವರನ್ನು, ಆಸ್ಪತ್ರೆಯಲ್ಲಿರುವ ನೆರೆಯವರನ್ನು ಮಗಳಿಗೆ, ಮಗನಿಗೆ ಪರಿಚಯಿಸಿ. ವಿದ್ಯಾರ್ಥಿಗಳೇ, ಅವರೆದುರು ಕೂತು ಮೂರು ಪ್ರಶ್ನೆ ಕೇಳಿ: ಬೆಳಿಗ್ಗೆಯಿಂದ ಸಂಜೆಯವರೆಗೆ ನೀವು ಏನು ಮಾಡುತ್ತೀರಿ? ಈ ಕೆಲಸಕ್ಕೆ ಸರ್ಟಿಫಿಕೇಟಿನಲ್ಲಿ ಯಾವ ವಿಷಯದ ಹೆಸರು ಇರಬೇಕು? ಐದು ವರ್ಷದ ನಂತರ ಇಲ್ಲಿಂದ ಎಲ್ಲಿಗೆ ಹೋಗಬಹುದು? ಉತ್ತರಗಳನ್ನು ಬರೆದುಕೊಳ್ಳಿ. ಯಾರ ದಿನಚರಿಯನ್ನು ಕೇಳುವಾಗ ನಿಮಗೆ ಇನ್ನಷ್ಟು ಕೇಳಬೇಕೆನಿಸಿತೋ, ಅವರು ಓದಿದ ವಿಷಯವನ್ನೇ ಮೇಜರ್ ಖಾನೆಯಲ್ಲಿ ಬರೆಯಿರಿ.