ಭೂಸ್ವಾಧೀನ: ಸಹಿ ಹಾಕುವ ಮುನ್ನ ಒಂದು ಸಾಲು ಬರೆಯಿರಿ

ಭೂಸ್ವಾಧೀನದ ಕಾಗದಪತ್ರ ಹಿಡಿದು ನನ್ನ ಬಳಿ ಬರುವ ರೈತರಲ್ಲಿ ಹೆಚ್ಚಿನವರು ಎಲ್ಲ ಮುಗಿದ ಮೇಲೆ ಬರುತ್ತಾರೆ. ಪರಿಹಾರದ ಹಣ ಬಂದಿರುತ್ತದೆ, ಅರ್ಧ ಸಾಲಕ್ಕೆ ಹೋಗಿರುತ್ತದೆ. ಕೊಟ್ಟ ದರ ತೀರಾ ಕಡಿಮೆ ಎಂದು ಆಮೇಲೆ ಯಾರೋ ಹೇಳಿರುತ್ತಾರೆ. ನಾನು ಮೊದಲು ಕೇಳುವುದು ಹಣ ಪಡೆದಾಗ ಸಹಿ ಮಾಡಿದ ರಸೀದಿಯ ನಕಲನ್ನು. ಬಹಳ ಸಲ ಕೇಸು ಆ ಹಾಳೆಯಲ್ಲೇ ಸತ್ತಿರುತ್ತದೆ.

2013ರ ಭೂಸ್ವಾಧೀನ ಕಾಯ್ದೆಯಲ್ಲಿ ಸ್ಪಷ್ಟವಾಗಿ ಹೇಳಿದೆ: ತಕರಾರು ದಾಖಲಿಸದೆ ಹಣ ಪಡೆದವರು ಹೆಚ್ಚಿನ ಪರಿಹಾರಕ್ಕೆ ಕಲಂ 64ರ ಅರ್ಜಿ ಹಾಕುವಂತಿಲ್ಲ. 1894ರ ಹಳೆಯ ಕಾಯ್ದೆಯಲ್ಲೂ ಇದೇ ಮಾತಿತ್ತು. ನೂರು ವರ್ಷ ದಾಟಿದ ಈ ನಿಯಮವನ್ನು ಕಚೇರಿಯಲ್ಲಿ ಒಬ್ಬರೂ ರೈತನಿಗೆ ಹೇಳುವುದಿಲ್ಲ. ಅಚ್ಚಾದ ರಸೀದಿ ಮುಂದಿಟ್ಟು ‘ಇಲ್ಲಿ ಸಹಿ, ಇಲ್ಲಿ ಹೆಬ್ಬೆಟ್ಟು’ ಎನ್ನುತ್ತಾರೆ. ಕಕ್ಷಿದಾರರೊಬ್ಬರು ತಂದ ಹಾಳೆಯಲ್ಲಿ ಸರ್ವೆ ನಂಬರು, ಗುಂಟೆ, ಮೊತ್ತ ಎಲ್ಲ ಕೈಯಲ್ಲಿ ತುಂಬಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಪೂರ್ಣ ತೃಪ್ತಿಯಿಂದ ಸ್ವೀಕರಿಸಿದ್ದೇನೆ’ ಎಂದು ಮೊದಲೇ ಅಚ್ಚಾಗಿತ್ತು. ಅದನ್ನು ಅವರಿಗೆ ಓದಿ ಹೇಳಿದವರಿಲ್ಲ.

ಆದ್ದರಿಂದ ಸಹಿಯ ಮೇಲ್ಗಡೆ ನಿಮ್ಮ ಕೈಯಲ್ಲೇ ಬರೆಯಿರಿ: ‘ಪರಿಹಾರದ ಮೊತ್ತ ಸಾಲದು ಎಂಬ ತಕರಾರಿನೊಂದಿಗೆ, ಹೆಚ್ಚಿನ ಪರಿಹಾರ ಕೇಳುವ ಹಕ್ಕು ಉಳಿಸಿಕೊಂಡು, ಅಂಡರ್ ಪ್ರೊಟೆಸ್ಟ್ ಪಡೆದಿದ್ದೇನೆ.’ ಹೀಗೆ ಬರೆದರೆ ಚೆಕ್ಕು ತಡೆಯುತ್ತೇವೆ ಎಂದು ಹೆದರಿಸಿದರೆ ನಂಬಬೇಡಿ. ತಕರಾರಿನೊಂದಿಗೆ ಹಣ ಪಡೆಯಲು ಕಾಯ್ದೆಯೇ ಅವಕಾಶ ಕೊಟ್ಟಿದೆ. ಹಣ ನೇರ ಖಾತೆಗೆ ಬರುವುದಾದರೆ ಅದಕ್ಕೆ ಮೊದಲೇ ಇದೇ ಮಾತನ್ನು ಪತ್ರದಲ್ಲಿ ಬರೆದು ಕೊಟ್ಟು, ಮೊಹರು ಹಾಕಿದ ಸ್ವೀಕೃತಿ ಪಡೆಯಿರಿ. ಸ್ವೀಕೃತಿ ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಬರೆದರಷ್ಟೇ ಸಾಲದು, ಗಡುವೂ ಇದೆ. ಪರಿಹಾರ ನಿಗದಿಪಡಿಸುವ ಐತೀರ್ಪು ಹೊರಡಿಸುವಾಗ ನೀವೋ ನಿಮ್ಮ ವಕೀಲರೋ ಹಾಜರಿದ್ದರೆ ಆ ದಿನದಿಂದ 6 ವಾರದೊಳಗೆ ಕಲಂ 64ರ ಅರ್ಜಿ ಕೊಡಬೇಕು. ಇಲ್ಲದಿದ್ದರೆ ನೋಟಿಸು ತಲುಪಿದ 6 ವಾರ ಅಥವಾ ಐತೀರ್ಪಿನಿಂದ 6 ತಿಂಗಳು, ಯಾವುದು ಮೊದಲೋ ಅದು. ತಡವಾದರೆ ಸಕಾರಣ ತೋರಿಸಿ ಕೇಳಲು ಇನ್ನೊಂದು ವರ್ಷದ ಅವಕಾಶವಿದೆ. ಅದನ್ನು ನೆಚ್ಚಿ ಕೂರಬೇಡಿ. ಈಗಾಗಲೇ ಎಲ್ಲ ಕೈಮೀರಿದವರಿಗೆ ಕಲಂ 73ರ ಕಿರುದಾರಿ ಉಳಿದಿದೆ: ಅದೇ ಅಧಿಸೂಚನೆಯ ಬೇರೆ ಭೂಮಾಲೀಕರಿಗೆ, ಕಲಂ 64ರ ಅರ್ಜಿಗಳನ್ನು ತೀರ್ಮಾನಿಸುವ ಪ್ರಾಧಿಕಾರ ಪರಿಹಾರ ಹೆಚ್ಚಿಸಿದ್ದರೆ, ಆ ತೀರ್ಪಿನ 3 ತಿಂಗಳೊಳಗೆ ನೀವೂ ಕೇಳಬಹುದು.

ಇದೆಲ್ಲ ಕೊನೆಯ ಹಂತ. ಪ್ರಾಥಮಿಕ ಅಧಿಸೂಚನೆ ಬಂದ 60 ದಿನದೊಳಗೆ ಲಿಖಿತ ಆಕ್ಷೇಪಣೆ ಸಲ್ಲಿಸಿ. ಹೆದ್ದಾರಿಗೆ ಹೋಗುವ ಜಮೀನಿಗೆ ಈ ಲೆಕ್ಕ ಬೇರೆ: 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಲ್ಲಿ ಆಕ್ಷೇಪಣೆಗೆ 21 ದಿನ ಮಾತ್ರ, ಪರಿಹಾರದ ತಕರಾರು ಹೋಗುವುದು ಮಧ್ಯಸ್ಥಗಾರರ ಮುಂದೆ. ಕೆಐಎಡಿಬಿಗೆ ಇನ್ನೊಂದೇ ಕಾಯ್ದೆ, 1966ರದು. ಅಲ್ಲಿ ‘ಒಪ್ಪಂದದ ದರ’ಕ್ಕೆ ಸಹಿ ಹಾಕಿದರೆ ಮುಂದೆ ಕೋರ್ಟಿನ ದಾರಿ ಮುಚ್ಚಿದಂತೆಯೇ. ಹಾಗಾಗಿ ನೋಟಿಸಿನಲ್ಲಿ ಯಾವ ಕಾಯ್ದೆಯ ಹೆಸರಿದೆ ಎಂದು ಮೊದಲು ಓದಿಸಿಕೊಳ್ಳಿ. ಆಕ್ಷೇಪಣೆ ಹಾಕಿ ಏನು ಪ್ರಯೋಜನ ಎನ್ನುವವರಿಗೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯನ್ನು ನೆನಪಿಸುತ್ತೇನೆ. ವರ್ಷಗಟ್ಟಲೆ ಪಟ್ಟು ಬಿಡದ ರೈತರ ಮುಂದೆ ಸರ್ಕಾರ 2025ರ ಜುಲೈನಲ್ಲಿ 1,777 ಎಕರೆಯ ಸ್ವಾಧೀನ ಕೈಬಿಟ್ಟಿತು.

ಜಂಟಿ ಅಳತೆಗೆ ಬಂದಾಗ ಖುದ್ದಾಗಿ ನಿಲ್ಲಿ. ತೆಂಗು, ಮಾವು, ಬೋರ್‌ವೆಲ್, ದನದ ಕೊಟ್ಟಿಗೆ ಮಹಜರಿನಲ್ಲಿ ಸೇರದಿದ್ದರೆ ಸಹಿ ಬೇಡ. ಬಿಟ್ಟದ್ದನ್ನು ಬರೆದುಕೊಡಿ, ಫೋಟೋ ತೆಗೆದಿಡಿ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲಿದ್ದರೆ ಇವತ್ತೇ ಪೌತಿ ಖಾತೆಗೆ ಅರ್ಜಿ ಹಾಕಿ. ನೋಟಿಸು ಸತ್ತವರ ಹೆಸರಿಗೆ ಹೊರಟು, ಗಡುವು ಬದುಕಿರುವವರಿಗೆ ಗೊತ್ತಾಗದೆ ಕಳೆಯುತ್ತದೆ. ಅಣ್ಣತಮ್ಮಂದಿರ ಜಗಳವಿದ್ದರೆ ಹಣ ಪ್ರಾಧಿಕಾರದಲ್ಲಿ ಠೇವಣಿಯಾಗಿ ಕೂರುತ್ತದೆ, ಲಾಭ ಯಾರಿಗೂ ಇಲ್ಲ.

ದರ ನಿಗದಿಗೆ ಹಿಂದಿನ 3 ವರ್ಷದ ಕ್ರಯಪತ್ರಗಳನ್ನೂ ನೋಡುತ್ತಾರೆ. ಸುತ್ತಲಿನ ಹೆಚ್ಚಿನ ದರದ ಕ್ರಯಪತ್ರಗಳ ದೃಢೀಕೃತ ನಕಲನ್ನು ಉಪನೋಂದಣಾಧಿಕಾರಿ ಕಚೇರಿಯಿಂದ ತೆಗೆಸಿಡಿ. ಇಷ್ಟು ಕೆಲಸಕ್ಕೆ ದಲ್ಲಾಳಿ ಪರ್ಸೆಂಟೇಜು ಕೇಳುತ್ತಾನೆ, ಜೊತೆಗೆ ಖಾಲಿ ಚೆಕ್ಕು, ಜಿಪಿಎ. ಎರಡನ್ನೂ ಕೊಡಬೇಡಿ. ಪರಿಹಾರ ನಿಮ್ಮ ಹಕ್ಕಿನ ಹಣ. ಅದನ್ನು ‘ಪಾಸ್ ಮಾಡಿಸುವ’ ಅಧಿಕಾರ ಯಾವ ಮಧ್ಯವರ್ತಿಗೂ ಇಲ್ಲ, ಪಾಲು ಕೇಳುವ ಗುಮಾಸ್ತನಿಗಂತೂ ಇಲ್ಲವೇ ಇಲ್ಲ.

ವಕೀಲರ ಫೀಸಿಗೆ ಹೆದರಿ ಸುಮ್ಮನಾಗಬೇಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿದೆ, ಉಳಿದವರಿಗೆ ಆದಾಯ ಮಿತಿಯೊಳಗೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಸಹಾಯವಾಣಿ 15100. ರಸೀದಿಗೆ ಸಹಿ ಹಾಕುವ ಹಿಂದಿನ ದಿನ ಹೋಗಿ, ಮರುದಿನವಲ್ಲ.