ಕಸುಬು ಕಲಿಯುವ ಮಕ್ಕಳ ಕರಾರು

ಹಳ್ಳಿಯ ಹುಡುಗನು ಪಟ್ಟಣದ ಕಾರ್ಖಾನೆಗೆ ಕಸುಬು ಕಲಿಯಲು ಹೊರಟಾಗ ಅವನ ತಂದೆಯು ಊರಿನ ಗುರಿಕಾರರ ಅಥವಾ ಭೂಮಾಲೀಕರ ಸಲಹೆಯನ್ನು ಕೇಳುವುದು ವಾಡಿಕೆಯಷ್ಟೆ. ಆದುದರಿಂದ ಈ ವಿಷಯದ ಕಾನೂನನ್ನು ನಮ್ಮ ವಾಚಕರು ಅರಿತಿರುವುದು ಅವಶ್ಯ.

ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ಅಲ್ಲಿಯೇ ಸಂತ ಜೋಸೆಫರ ಅನಾಥಾಶ್ರಮದ ಕಾರ್ಯಾಗಾರಗಳೂ ಬೆಳೆದವು. ಆ ಕಾಲದಲ್ಲಿ ಕಸುಬಿನ ಕಲಿಕೆಗಿದ್ದ ಕಾನೂನು 1850ರ 19ನೆಯ ಆಕ್ಟು. ಅದರಂತೆ 10 ವರ್ಷ ಮೀರಿದ, 18 ತುಂಬದ ಮಗುವನ್ನು ತಂದೆಯಾಗಲಿ ಪೋಷಕನಾಗಲಿ 7 ವರ್ಷಗಳವರೆಗೆ ಧಣಿಯೊಬ್ಬನ ಬಳಿ ಕರಾರಿನಿಂದ ಬಿಡಬಹುದಾಗಿತ್ತು. 1961ರ ಶಿಶಿಕ್ಷು ಅಧಿನಿಯಮವು ಅದನ್ನು ರದ್ದುಗೊಳಿಸಿತು. ಶಿಶಿಕ್ಷುವೆಂದರೆ ಕರಾರಿನ ಮೇಲೆ ಕಸುಬು ಕಲಿಯುವವನು, ಅವನು ಕೂಲಿಯಾಳಲ್ಲ. ಈ ಭೇದವೇ ಕಾನೂನಿನ ತಿರುಳು. ಅದರ ಮುಖ್ಯಾಂಶಗಳು ಹೀಗಿವೆ:

1. ಶಿಶಿಕ್ಷುವಿಗೆ 14 ವರ್ಷ ತುಂಬಿರತಕ್ಕದ್ದು; ಅಪಾಯಕರವೆಂದು ಗೊತ್ತುಮಾಡಿದ ಉದ್ಯಮಗಳಲ್ಲಿ 18.

2. ಕರಾರು ಬರೆಹದಲ್ಲಿದ್ದು ನೋಂದಣಿಯಾಗತಕ್ಕದ್ದು. ಹುಡುಗನು ಅಪ್ರಾಪ್ತವಯಸ್ಕನಾದರೆ ಪೋಷಕನು ರುಜು ಹಾಕತಕ್ಕದ್ದು.

3. ಧಣಿಯು ಕಸುಬನ್ನು ಸರಿಯಾಗಿ ಕಲಿಸಿ, ಶಿಷ್ಯವೇತನವನ್ನು ಕೊಡತಕ್ಕದ್ದು. ಇಷ್ಟು ಹಂಚಿಗೆ ಇಷ್ಟು ದುಡ್ಡೆಂಬ ಲೆಕ್ಕದಲ್ಲಿ ಕೊಡಕೂಡದು. ಶಿಶಿಕ್ಷು ಸಲಹಾಧಿಕಾರಿಯ ಒಪ್ಪಿಗೆಯಿಲ್ಲದೆ ಹೆಚ್ಚು ಹೊತ್ತು ದುಡಿಸಕೂಡದು. ಕೆಲಸದಿಂದ ಗಾಯವಾದರೆ ಪರಿಹಾರವು ಧಣಿಯ ಹೊಣೆ.

4. ಶಿಶಿಕ್ಷುವು ಶ್ರದ್ಧೆಯಿಂದ ಕಲಿತು, ತರಗತಿಗಳಿಗೆ ತಪ್ಪದೆ ಹಾಜರಾಗಿ, ನ್ಯಾಯವಾದ ಆಜ್ಞೆಗಳನ್ನು ಪಾಲಿಸತಕ್ಕದ್ದು.

5. ಧಣಿಯ ತಪ್ಪಿನಿಂದ ಕರಾರು ಮುರಿದರೆ ಅವನು ಶಿಶಿಕ್ಷುವಿಗೆ ಪರಿಹಾರ ಕೊಡಬೇಕು. ಶಿಶಿಕ್ಷುವಿನ ತಪ್ಪಿನಿಂದ ಮುರಿದರೆ ಕಲಿಕೆಯ ವೆಚ್ಚವೆಂದು ಸಲಹಾಧಿಕಾರಿಯು ಗೊತ್ತುಮಾಡಿದ ಹಣವನ್ನು ಅವನು ಅಥವಾ ಅವನ ಪೋಷಕನು ಹಿಂದಿರುಗಿಸಬೇಕು.

ಕೊನೆಯ ಅಂಶವನ್ನು ವಿಶೇಷವಾಗಿ ಮನಗಾಣತಕ್ಕದ್ದು. ಓದದೆ ಹಾಕಿದ ರುಜುವು ಬಡ ತಂದೆಗೆ ಸಾಲವಾಗಿ ಪರಿಣಮಿಸಬಹುದು. ಮತ್ತೊಂದು ಸಂಗತಿಯೂ ಉಂಟು. ಶಿಶಿಕ್ಷುವು ಕಾರ್ಮಿಕನಲ್ಲವಾದ್ದರಿಂದ ಕಾರ್ಮಿಕ ಕಾನೂನುಗಳು ಸಾಮಾನ್ಯವಾಗಿ ಅವನಿಗೆ ಅನ್ವಯಿಸವು. ಆರೋಗ್ಯ ಮತ್ತು ಸುರಕ್ಷತೆಯ ನಿಯಮಗಳು ಮಾತ್ರ ಅನ್ವಯಿಸುತ್ತವೆ. ಕಲಿಕೆ ಮುಗಿದ ಬಳಿಕ ಕೆಲಸ ಕೊಡಬೇಕೆಂಬ ಕಟ್ಟುಪಾಡೂ, ಕರಾರಿನಲ್ಲಿ ಬರೆದಿದ್ದ ಹೊರತು, ಧಣಿಗಿಲ್ಲ. ಬಾಯಿಮಾತಿನ ಭರವಸೆಯನ್ನು ನಂಬಿ ಮಗನನ್ನು ಕಳುಹಿಸಿದವನಿಗೆ ಆಮೇಲೆ ತೋರಿಸಲು ಕಾಗದವೇ ಇರುವುದಿಲ್ಲ.

ಆದುದರಿಂದ ಸಲಹೆ ಕೇಳಲು ಬಂದವರಿಗೆ ಕರಾರನ್ನು ಓದಿ ಹೇಳಿರಿ. ಯಾವ ಕಸುಬು, ಎಷ್ಟು ಕಾಲ, ಎಷ್ಟು ಶಿಷ್ಯವೇತನ, ಮುಂದೆ ಕೆಲಸವುಂಟೇ ಎಂಬ ನಾಲ್ಕನ್ನೂ ಕಾಗದದಲ್ಲಿ ತೋರಿಸಿರಿ. ನೋಂದಣಿಯಾದ ಕರಾರಿನ ಪ್ರತಿಯನ್ನು ಮನೆಯಲ್ಲಿ ಜೋಪಾನವಾಗಿಡಲು ತಿಳಿಸಿರಿ. ಕೃಷಿ ಕಾಲೇಜಿನ ವಿದ್ಯಾರ್ಥಿಗಳು ಅನುಭವಕ್ಕಾಗಿ ನಿಮ್ಮ ಹೊಲಗಳಿಗೆ ಬಂದಾಗಲೂ ಈ ಭೇದವನ್ನು ಮರೆಯದಿರಿ: ಅವರು ಬಂದಿರುವುದು ಕಲಿಯಲಿಕ್ಕೆ, ಆಳಿನ ಬದಲಿಗೆ ದುಡಿಯಲಿಕ್ಕಲ್ಲ.